ಬಾಡಿಗೆ ನೆರವಿಗೆ ಪಾಸ್‌ಪೋರ್ಟೇ ಅರ್ಹತೆಯಾಗಬೇಕೇ?

ಮಾನ್ಯ ಸಂಪಾದಕರೇ,

ಬ್ರಿಟನ್ನಿನಲ್ಲಿ ಕಾಯಂ ವಾಸದ ಹಕ್ಕು ಪಡೆದ ವಲಸಿಗರಿಗೆ ಮನೆ ಬಾಡಿಗೆ ಕಟ್ಟಲು ಸರ್ಕಾರದ ನೆರವು ಸಿಗುತ್ತದೆಯೇ ಎಂಬ ಪ್ರಶ್ನೆ ಇಲ್ಲಿಯ ಕನ್ನಡಿಗರಲ್ಲಿ ಮತ್ತೆ ಮತ್ತೆ ಏಳುತ್ತಿದೆ. ಇಲ್ಲಿಯ ಪಾಸ್‌ಪೋರ್ಟ್ ಕೈಗೆ ಬರುವವರೆಗೆ ಏನೂ ಸಿಗದು ಎಂದು ಕೆಲವರು ನಂಬಿದ್ದಾರೆ. ಐಎಲ್‌ಆರ್ (ಅಂದರೆ ಈ ಕಾಯಂ ವಾಸದ ಹಕ್ಕು) ಬಂದ ಮರುದಿನವೇ ಸರ್ಕಾರ ಮನೆ ಕೊಡುತ್ತದೆ ಎಂದು ಇನ್ನು ಕೆಲವರು ಊರಿನಲ್ಲಿ ಹೇಳಿಕೊಂಡು ಬರುತ್ತಾರೆ. ಎರಡೂ ತಪ್ಪು. ಮಕ್ಕಳನ್ನು ಇಲ್ಲಿಗೆ ಕಳುಹಿಸಿರುವ ತಂದೆತಾಯಂದಿರು ನಿಮ್ಮ ಓದುಗರಲ್ಲಿ ಇರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

1999ರ ವಲಸೆ ಮತ್ತು ಆಶ್ರಯ ಕಾಯ್ದೆಯ 115ನೇ ಕಲಮಿನ ಪ್ರಕಾರ, ಕೆಲಸದ ವೀಸಾದಂತಹ ಅವಧಿ ನಿಗದಿಯಾದ ಪರವಾನಗಿಯ ಮೇಲೆ ಇರುವವರು ಸಾಮಾನ್ಯವಾಗಿ ಸಾರ್ವಜನಿಕ ನಿಧಿಯ ನೆರವಿಗೆ ಅರ್ಹರಲ್ಲ. ಐಎಲ್‌ಆರ್ ದೊರೆತಾಗ ಈ ನಿರ್ಬಂಧ ತೆರವಾಗುತ್ತದೆ. ಆ ಬಳಿಕ ಆದಾಯ ಕಡಿಮೆಯಿರುವ ದುಡಿಯುವ ವಯಸ್ಸಿನವರು ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ನೆರವಿನ ವಸತಿ ಭಾಗಕ್ಕೂ, ಪಿಂಚಣಿ ವಯಸ್ಸು ತಲುಪಿದವರು ಸ್ಥಳೀಯ ಕೌನ್ಸಿಲ್ ಕೊಡುವ ಹೌಸಿಂಗ್ ಬೆನಿಫಿಟ್ ಎಂಬ ಬಾಡಿಗೆ ನೆರವಿಗೂ ಅರ್ಜಿ ಹಾಕಬಹುದು. ಖಾಸಗಿ ಬಾಡಿಗೆ ಮನೆಯಾದರೆ ಆಯಾ ಪ್ರದೇಶಕ್ಕೆ ಗೊತ್ತುಪಡಿಸಿದ ಮಿತಿಯವರೆಗೆ ಮಾತ್ರ ಹಣ ಸಿಗುತ್ತದೆ. 2024ರ ಏಪ್ರಿಲ್‌ನಲ್ಲಿ ಪರಿಷ್ಕರಿಸಿದ ಮಿತಿಗಳೇ 2025ರಲ್ಲೂ ಮುಂದುವರಿದವು. ಬಾಡಿಗೆಗಳು ಮಾತ್ರ ಏರುತ್ತಲೇ ಹೋದವು. ಹೀಗಾಗಿ ನೆರವು ಸಿಕ್ಕವರೂ ಬಾಡಿಗೆಯ ಒಂದು ಪಾಲನ್ನು ಕೈಯಿಂದಲೇ ತುಂಬಬೇಕಾಗುತ್ತದೆ.

ನಮ್ಮವರು ಎಡವುವುದು ಆಸ್ತಿಯ ವಿಚಾರದಲ್ಲಿ. ಉಳಿತಾಯ ಮತ್ತು ಆಸ್ತಿ ಸೇರಿ 16,000 ಪೌಂಡ್ ದಾಟಿದರೆ ಯೂನಿವರ್ಸಲ್ ಕ್ರೆಡಿಟ್ ಸಿಗುವುದಿಲ್ಲ. ವಾಸದ ಮನೆ ಈ ಲೆಕ್ಕಕ್ಕೆ ಬರುವುದಿಲ್ಲವಾದರೂ ಮೈಸೂರಿನಲ್ಲಿ ಕೊಂಡಿಟ್ಟ ಸೈಟು, ಊರಿನ ಬ್ಯಾಂಕಿನಲ್ಲಿರುವ ಠೇವಣಿ ಬರುತ್ತವೆ. ಅಣ್ಣತಮ್ಮಂದಿರ ಜೊತೆ ಇನ್ನೂ ಭಾಗವಾಗದ ಆಸ್ತಿಯಲ್ಲಿರುವ ಪಾಲನ್ನೂ ತಿಳಿಸಬೇಕು. ಇದನ್ನು ಮುಚ್ಚಿಟ್ಟು ಹಣ ಪಡೆಯುವುದು ಅಪರಾಧ, ಯಾರೂ ಆ ದಾರಿ ಹಿಡಿಯಬಾರದು. ಹೌಸಿಂಗ್ ಬೆನಿಫಿಟ್ ಪಡೆಯುವ ಹಿರಿಯರು ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ಊರಿಗೆ ಹೋಗುವುದಾದರೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅದು ನಿಲ್ಲುತ್ತದೆ. ಜೀವನವೆಚ್ಚ ನೋಡಿಕೊಳ್ಳುತ್ತೇವೆ ಎಂದು ಮಕ್ಕಳು ಬರೆದುಕೊಟ್ಟ ಹೊಣೆಗಾರಿಕೆಯ ಮೇಲೆ ಕಾಯಂ ವಾಸದ ಹಕ್ಕು ಪಡೆದು ಬಂದ ತಂದೆತಾಯಿಗೆ, ಹೊಣೆ ಹೊತ್ತವರು ತೀರಿಕೊಂಡ ಸಂದರ್ಭ ಹೊರತು, ಐದು ವರ್ಷ ಈ ನೆರವುಗಳು ಸಿಗುವುದಿಲ್ಲ.

ಇಷ್ಟೆಲ್ಲ ಷರತ್ತುಗಳನ್ನು ದಾಟಿ ನಿಜವಾಗಿ ಅರ್ಹರಾಗಿರುವವರು ಭಯದಿಂದ ಅರ್ಜಿಯನ್ನೇ ಹಾಕದಿರುವುದು ನನಗೆ ತುಂಬ ನೋವಿನ ಸಂಗತಿ. ನನಗೆ ಪರಿಚಯದ, ಹಾಸನದ ಕಡೆಯ ಮಹಿಳೆಯೊಬ್ಬರ ಪತಿ ಪಾರ್ಶ್ವವಾಯುವಿನಿಂದ ಕೆಲಸ ಕಳೆದುಕೊಂಡರು. ಶಾಲೆಯ ಅಡುಗೆಮನೆಯಲ್ಲಿ ಅರೆಕಾಲಿಕವಾಗಿ ದುಡಿಯುವ ಆಕೆಯ ಸಂಬಳ ಬಾಡಿಗೆಗೇ ಸಾಲುತ್ತಿರಲಿಲ್ಲ. ಇಬ್ಬರಿಗೂ ಐಎಲ್‌ಆರ್ ಇತ್ತು, ಊರಿನಲ್ಲಿ ಆಸ್ತಿ ಇರಲಿಲ್ಲ. ಆದರೂ ನೆರವು ಕೇಳಿದರೆ ಮುಂದೆ ಪೌರತ್ವ ತಪ್ಪುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ತಿಂಗಳುಗಟ್ಟಲೆ ಸಾಲ ಮಾಡಿಕೊಂಡು ನಡೆಸಿದರು. ವೀಸಾ ಕಾಲದ ಹಳೆಯ ಕಾರ್ಡು, ಅದರ ಮೇಲೆ ಅಚ್ಚಾಗಿದ್ದ 'ನೋ ಪಬ್ಲಿಕ್ ಫಂಡ್ಸ್' (ಸಾರ್ವಜನಿಕ ನಿಧಿಯ ನೆರವಿಲ್ಲ) ಎಂಬ ಸಾಲು, ಎರಡೂ ಅವರ ಪರ್ಸಿನಲ್ಲೇ ಇದ್ದವು; ಅದನ್ನು ತೋರಿಸಿ ತಮಗೆ ಹಕ್ಕಿಲ್ಲವೆಂದು ನನಗೇ ವಾದಿಸಿದರು. ಐಎಲ್‌ಆರ್ ಇರುವವರು ಅರ್ಹವಾದ ನೆರವನ್ನು ಸರಿಯಾದ ಮಾಹಿತಿ ಕೊಟ್ಟು ಪಡೆಯುವುದು ಈಗಿನ ನಿಯಮದಲ್ಲಿ ಪೌರತ್ವಕ್ಕೆ ಅಡ್ಡಿಯಲ್ಲ ಎಂದು ಉಚಿತ ಸಲಹಾ ಕೇಂದ್ರವೊಂದರಲ್ಲಿ ಮನವರಿಕೆಯಾದ ಮೇಲೆಯೇ ಅವರು ಅರ್ಜಿ ಹಾಕಿದ್ದು. ಬಾಡಿಗೆ ಕರಾರು, ಸಂಬಳದ ಚೀಟಿ, ಬ್ಯಾಂಕ್ ವಿವರ, ವಾಸದ ಹಕ್ಕನ್ನು ಆನ್‌ಲೈನ್‌ನಲ್ಲಿ ತೋರಿಸುವ ಇ-ವೀಸಾದ ಶೇರ್ ಕೋಡ್ ಎಲ್ಲವನ್ನೂ ಒದಗಿಸಿದ ಬಳಿಕ ಬಾಡಿಗೆಯ ದೊಡ್ಡ ಪಾಲಿಗೆ ನೆರವು ಬಂತು.

ಈಗ ಈ ಹಕ್ಕಿನ ಬುಡಕ್ಕೇ ಪೆಟ್ಟು ಬೀಳುವ ಸ್ಥಿತಿ ಬಂದಿದೆ. 2025ರ ನವೆಂಬರ್‌ನಲ್ಲಿ ಗೃಹ ಸಚಿವೆ ಶಬಾನಾ ಮಹಮೂದ್ ಸಂಸತ್ತಿನ ಮುಂದಿಟ್ಟ ಪ್ರಸ್ತಾವಗಳಲ್ಲಿ, ಕಾಯಂ ವಾಸದ ಹಕ್ಕಿಗೆ ಕಾಯಬೇಕಾದ ಸಾಮಾನ್ಯ ಅವಧಿಯನ್ನು ಐದರಿಂದ ಹತ್ತು ವರ್ಷಕ್ಕೆ ಏರಿಸುವುದರ ಜೊತೆಗೆ, ಸರ್ಕಾರಿ ನೆರವನ್ನು ಆ ಹಕ್ಕು ಬಂದಾಗ ಕೊಡದೆ ಬ್ರಿಟಿಷ್ ಪೌರತ್ವ ಪಡೆದ ಮೇಲಷ್ಟೇ ಕೊಡುವ ಆಲೋಚನೆಯೂ ಇದೆ. ಈಗಾಗಲೇ ಐಎಲ್‌ಆರ್ ಪಡೆದವರಿಗೆ ಬದಲಾವಣೆ ಅನ್ವಯಿಸದು ಎಂದು ಸರ್ಕಾರ ಹೇಳಿರುವುದು ಸಮಾಧಾನದ ವಿಷಯ. ಆದರೆ 2022ರಿಂದೀಚೆಗೆ ವೃದ್ಧಾಶ್ರಮಗಳಲ್ಲಿ ಆರೈಕೆಯ ಕೆಲಸಕ್ಕೆಂದು ಬಂದವರ ಗತಿಯೇನು? ಅವರಿಗೆ ಹದಿನೈದು ವರ್ಷ ಕಾಯಿಸುವ ಮಾತಿದೆ.

ಪೌರತ್ವವನ್ನು ಷರತ್ತಾಗಿಸುವುದು ಭಾರತೀಯರಿಗೆ ವಿಶೇಷವಾಗಿ ಕಠಿಣ. ಎರಡು ದೇಶದ ಪೌರತ್ವವನ್ನು ಒಪ್ಪುವ ರಾಷ್ಟ್ರಗಳಿಂದ ಬಂದವರಿಗೆ ಇದು ಇನ್ನೊಂದು ಅರ್ಜಿ, ಇನ್ನೊಂದು ಶುಲ್ಕ ಅಷ್ಟೇ. ನಮ್ಮ 1955ರ ಪೌರತ್ವ ಕಾಯ್ದೆಯ ಪ್ರಕಾರವಾದರೋ ಇನ್ನೊಂದು ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದ ಕ್ಷಣವೇ ಭಾರತದ ಪೌರತ್ವ ಹೋಗುತ್ತದೆ. ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡಿನಿಂದ ಬಂದುಹೋಗುವುದು ಸುಲಭವಾದರೂ ಮತದಾನದ ಹಕ್ಕು ಮರಳುವುದಿಲ್ಲ. ಮುಂದೊಂದು ದಿನ ಊರಿಗೆ ಹಿಂದಿರುಗುವ ಆಸೆಯಿಂದ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ಇಲ್ಲಿ ಕಡಿಮೆ ತೆರಿಗೆ ಕಟ್ಟುತ್ತಿಲ್ಲ. ವೀಸಾದ ವರ್ಷಗಳಲ್ಲಿ ಅವರಲ್ಲಿ ಬಹುಪಾಲು ಜನ ತೆರಿಗೆ ಮತ್ತು ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ವಿಮೆಯ ವಂತಿಗೆಯ ಜೊತೆಗೆ ಆರೋಗ್ಯ ಸರ್‌ಚಾರ್ಜ್ ಎಂದು ವಯಸ್ಕರೊಬ್ಬರಿಗೆ ವರ್ಷಕ್ಕೆ 1,035 ಪೌಂಡ್ ಬೇರೆ ಕಟ್ಟುತ್ತಾರೆ. ಅಷ್ಟು ವರ್ಷ ದುಡಿದು, ಕಾಯಂ ವಾಸಿಯೆಂದು ಸರ್ಕಾರವೇ ಒಪ್ಪಿದ ಮನುಷ್ಯನಿಗೆ ಕಾಯಿಲೆ ಬಿದ್ದಾಗ ಬಾಡಿಗೆಗೆ ಆಸರೆ ಬೇಕಿದ್ದರೆ ತಾಯ್ನಾಡಿನ ಮತದಾನದ ಹಕ್ಕು ಬಿಟ್ಟು ಬಾ ಎನ್ನುವುದು ಅನ್ಯಾಯ.

ಇಲ್ಲಿಯ ಕನ್ನಡ ಸಂಘಗಳು ತಮ್ಮ ಕ್ಷೇತ್ರದ ಸಂಸದರಿಗೆ ಈ ಅಂಶವನ್ನು ಬರೆದು ತಿಳಿಸಬೇಕು. ಭಾರತ ಸರ್ಕಾರವೂ ಬ್ರಿಟನ್ ಜೊತೆಗಿನ ಮಾತುಕತೆಗಳಲ್ಲಿ ಇದನ್ನು ಎತ್ತಬೇಕು. ಕರ್ನಾಟಕದ ಸಂಸದರು ಲೋಕಸಭೆಯಲ್ಲಿ ಒಂದು ಪ್ರಶ್ನೆಯನ್ನಾದರೂ ಕೇಳಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ಲೆಸ್ಟರ್‌ನಲ್ಲಿ ನೆಲೆಸಿರುವ ಕನ್ನಡತಿ, ಇಂಗ್ಲೆಂಡ್