ಬ್ರೋಲಿಯೊದ ಮಣ್ಣು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯನಿಗೆ ವಂದನೆಗಳು.

ತಿಕೋಟಾದ ದ್ರಾಕ್ಷಿ ತೋಟವನ್ನು ಗುತ್ತಿಗೆಗೆ ಕೊಟ್ಟುಬಿಡುವ ಯೋಚನೆಯಲ್ಲಿರುವುದಾಗಿ ನೀನು ಬರೆದಿದ್ದೆ. "ಹೊಲ ನಮ್ಮ ಹೆಸರಿನಲ್ಲಿಯೇ ಇರುತ್ತದಲ್ಲ" ಎಂಬ ನಿನ್ನ ಮಾತು ಇಟಲಿಯ ಬ್ರೋಲಿಯೊ ಕೋಟೆಯ ದ್ರಾಕ್ಷಿ ತೋಟದಲ್ಲಿ ನಿಂತಾಗ ಮತ್ತೆ ಮತ್ತೆ ನೆನಪಾಯಿತು.

ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಕಿಯಾಂಟಿ ಗುಡ್ಡಗಳಲ್ಲಿರುವ ಈ ಎಸ್ಟೇಟು 1141ರಿಂದ ರಿಕಾಸೊಲಿ ಮನೆತನಕ್ಕೆ ಸೇರಿದೆ. ಸುಮಾರು 1200 ಹೆಕ್ಟೇರ್ ಜಮೀನಿನಲ್ಲಿ ದ್ರಾಕ್ಷಿ ಇರುವುದು 240 ಹೆಕ್ಟೇರಿನಷ್ಟು. ಉಳಿದದ್ದು ಹೆಚ್ಚಾಗಿ ಕಾಡು, ಒಂದಿಷ್ಟು ಆಲಿವ್. ಎರಡು ಬಾರಿ ಇಟಲಿಯ ಪ್ರಧಾನಿಯಾಗಿದ್ದ ಬೆಟ್ಟಿನೊ ರಿಕಾಸೊಲಿ ಈ ಮನೆಯವರೇ. ಯಾವ ದ್ರಾಕ್ಷಿಯಿಂದ ವೈನಿಗೆ ಯಾವ ಗುಣ ಬರುತ್ತದೆಂದು ವರ್ಷಗಟ್ಟಲೆ ಪರೀಕ್ಷಿಸಿದ ಅವರು 1872ರಲ್ಲಿ ಪೀಸಾದ ಪ್ರಾಧ್ಯಾಪಕ ಚೆಸಾರೆ ಸ್ಟುಡಿಯಾಟಿ ಅವರಿಗೊಂದು ಪತ್ರ ಬರೆದರು. ಪರಿಮಳ ಮತ್ತು ಕಸುವು ಸಾಂಜೊವೇಸೆ ಎಂಬ ಕೆಂಪು ದ್ರಾಕ್ಷಿಯಿಂದ, ಅದರ ಒರಟುತನವನ್ನು ತಗ್ಗಿಸುವ ಮೃದುತ್ವ ಕನಾಯೊಲೊ ಎಂಬ ಇನ್ನೊಂದು ಕೆಂಪು ತಳಿಯಿಂದ ಬರುತ್ತವೆ. ಬೇಗ ಕುಡಿಯುವ ವೈನಿಗಾದರೆ ಮಾಲ್ವಾಸಿಯಾ ಎಂಬ ಬಿಳಿ ದ್ರಾಕ್ಷಿ ಬೆರೆಸಬಹುದು, ಬಹುಕಾಲ ಇಡುವುದಕ್ಕೆ ಅದು ಬೇಡ ಎಂಬುದು ಆ ಪತ್ರದ ಸಾರ. ತನ್ನ ತೋಟವನ್ನು ಅಷ್ಟು ಬಲ್ಲವರ ಬರವಣಿಗೆ ಅದು.

ಇಂಥ ಮನೆಯಲ್ಲೂ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವೈನಿನ ವ್ಯವಹಾರ ಕೈತಪ್ಪಿ ಹೊರಗಿನ ಕಂಪನಿಗಳ ಪಾಲಾಯಿತು. ಭೂಮಿ ಉಳಿದಿತ್ತು, ಕೋಟೆಯೂ ಉಳಿದಿತ್ತು. ಆದರೆ ಬಾಟಲಿಯೊಳಗೆ ಏನಿರಬೇಕೆಂದು ತೀರ್ಮಾನಿಸುವವರು ಬೇರೆಯವರಾಗಿದ್ದರು. 1993ರಲ್ಲಿ ಫ್ರಾಂಚೆಸ್ಕೊ ರಿಕಾಸೊಲಿ ಆ ವ್ಯವಹಾರವನ್ನು ಮರಳಿ ಪಡೆದು, ಹಳೆಯ ತೋಟಗಳನ್ನು ಹೊಸದಾಗಿ ನೆಡಿಸಿ, ಇಡೀ ಜಮೀನಿನ ಮಣ್ಣನ್ನು ತುಂಡು ತುಂಡಾಗಿ ಪರೀಕ್ಷೆ ಮಾಡಿಸಿದರು.

ಅದರ ಫಲವನ್ನು ನಾನು ಮೂರು ತುಂಡುಗಳ ವೈನ್ ಸವಿದು ನಾಲಿಗೆಯಲ್ಲಿಯೇ ಕಂಡೆ. ಸುಣ್ಣಗಲ್ಲಿನ ಕೊಲ್ಲೆದಿಲಾ, ಪ್ರಾಚೀನ ಸಮುದ್ರದ ಮರಳು ಕೂಡಿದ ರೊಂಚಿಕೊನೆ, ಹಳೆಯ ನದಿಯ ಮೆಕ್ಕಲಿನ ಚೆನಿಪ್ರೀಮೊ: ಮೂರರಲ್ಲೂ ಇರುವುದು ಸಾಂಜೊವೇಸೆಯೊಂದೇ, ಮೂರರ ರುಚಿಯೂ ಬೇರೆ. ಸಾಲುಗಳ ನಡುವೆ ಬಿದ್ದಿದ್ದ ಒಂದು ಸುಣ್ಣಗಲ್ಲನ್ನು ಎತ್ತಿಕೊಂಡೆ. ಬೂದುಬಿಳುಪಿನ ಅದರ ಪುಡಿ ಬೆರಳಿಗಂಟಿತು. ನಿಮ್ಮ ಅಪ್ಪಾಜಿ ಹೆಂಟೆ ಪುಡಿಮಾಡಿ, ಮೂಸಿ ನೋಡಿ ನೀರು ಬಿಡುತ್ತಿದ್ದುದು ಕಣ್ಣಿಗೆ ಕಟ್ಟಿತು.

ಅಲ್ಲಿ ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಬಳ್ಳಿ ಸವರಿದರೆ ಸಾಕು. ನಮ್ಮಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಎರಡು ಸಲ ಬಳ್ಳಿ ಸವರಬೇಕು, ದುಡಿಮೆಯೂ ಸಾಲವೂ ಹೆಚ್ಚೆಂಬುದು ನನಗೆ ಗೊತ್ತು. ಆದರೂ ಅಕ್ಟೋಬರ್ ಚಾಟ್ನಿಗೆ ಮೊದಲು ನಾನು ಬರುತ್ತೇನೆ. ಮಡ್ಡಿ ನೆಲವೂ ಎರೆ ಮಣ್ಣೂ ಕೂಡುವ ಕೆಳಗಿನ ತುಂಡನ್ನು ಇಬ್ಬರೂ ನಡೆದು ನೋಡೋಣ. ಅಲ್ಲಿಯವರೆಗೆ ಗುತ್ತಿಗೆ ಪತ್ರಕ್ಕೆ ಸಹಿ ಹಾಕಬೇಡ.

ನಿನ್ನ ಗೆಳೆಯ