ನಾಯಿಗಳ ಉದ್ಯಾನಕ್ಕೆ ಎರಡನೆಯ ಗೇಟು ಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಕೆಲವು ಉದ್ಯಾನಗಳಲ್ಲಿ ಸಾಕುನಾಯಿಗಳು ಹಗ್ಗದ ಹಂಗಿಲ್ಲದೆ ಓಡಾಡಲೆಂದು ಬೇಲಿ ಹಾಕಿದ ಪ್ರತ್ಯೇಕ ಜಾಗಗಳು ಬಂದಿವೆ. ಮನೆಯೆಂದರೆ ಎರಡು ಕೋಣೆ, ಒಂದು ಬಾಲ್ಕನಿ ಎಂಬಂತಾಗಿರುವ ಊರಿನಲ್ಲಿ ನಾಯಿ ಸಾಕಿದವರಿಗೆ ಇದು ಸಣ್ಣ ಉಪಕಾರವೇನಲ್ಲ. ಆದರೆ ಬೇಲಿಯ ಎತ್ತರದ ಬಗ್ಗೆ ನಡೆದಷ್ಟು ಯೋಚನೆ ಅದರ ಬಾಗಿಲಿನ ಬಗ್ಗೆ ನಡೆದಂತೆ ಕಾಣುವುದಿಲ್ಲವಾದ್ದರಿಂದ ಈ ಪತ್ರ.

ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಮುಧೋಳ ಹೆಣ್ಣುನಾಯಿ ಇದೆ. ಕೆಲವು ವಾರಗಳ ಹಿಂದೆ ಅದನ್ನು ಇಂಥದೊಂದು ಜಾಗಕ್ಕೆ ಕರೆದೊಯ್ದು ಗೇಟು ತೆರೆಯುತ್ತಿದ್ದಂತೆ, ಒಳಗಿದ್ದ ಐದಾರು ನಾಯಿಗಳು ಹೊಸಬರನ್ನು ಮೂಸಿ ನೋಡಲು ಒಟ್ಟಿಗೆ ಓಡಿ ಬಂದವು. ಹಗ್ಗದಲ್ಲಿದ್ದ ನಮ್ಮ ನಾಯಿ ಹಿಂದೆ ಸರಿಯಲಾಗದೆ ಗುರುಗುಟ್ಟಿತು, ಇನ್ನೊಂದು ಅದರ ಕಿವಿಗೆ ಬಾಯಿ ಹಾಕಿತು. ಈ ಗಲಾಟೆಯ ನಡುವೆ ಪುಟ್ಟ ಬಿಳಿ ನಾಯಿಯೊಂದು ನನ್ನ ಕಾಲುಗಳ ಸಂದಿಯಿಂದ ನುಸುಳಿ ನೇರವಾಗಿ ರಸ್ತೆಗೆ ಹೋಯಿತು. ಸ್ಕೂಟರಿನವರೊಬ್ಬರು ಸಮಯಕ್ಕೆ ಬ್ರೇಕ್ ಹಾಕಿದ್ದರಿಂದ ಅದು ಉಳಿಯಿತು. ನಮ್ಮದರ ಕಿವಿಗೆ ನಾಲ್ಕು ಹೊಲಿಗೆ ಬಿದ್ದವು. ಗೇಟು ತೆರೆದವನು ನಾನೇ ಆದ್ದರಿಂದ ಮೊದಲ ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಅದೇ ತಪ್ಪನ್ನು ಪ್ರತಿ ಸಂಜೆ ಹತ್ತಾರು ಜನ ಮಾಡಲೇಬೇಕಾದಂತೆ ಆ ಬಾಗಿಲನ್ನು ಕಟ್ಟಲಾಗಿದೆ.

ಹಗ್ಗದಲ್ಲಿರುವ ನಾಯಿಯನ್ನು ಬಿಡುಬೀಸಾಗಿರುವ ನಾಯಿಗಳು ಸುತ್ತುವರಿದರೆ, ಓಡಿಹೋಗುವ ದಾರಿ ಇಲ್ಲವೆಂದು ಅದಕ್ಕೆ ತಿಳಿಯುತ್ತದೆ. ಓಡಲಾಗದ ಪ್ರಾಣಿಗೆ ಉಳಿಯುವುದು ಹಲ್ಲು ಮಾತ್ರ. ಗೇಟಿನ ಹೊರಗೇ ಹಗ್ಗ ಬಿಚ್ಚೋಣವೆಂದರೆ ಅಲ್ಲಿ ವಾಹನಗಳ ಭಯ. ಇದಕ್ಕೆ ಪರಿಹಾರ ಹೊಸತೂ ಅಲ್ಲ, ದುಬಾರಿಯೂ ಅಲ್ಲ: ಆರೇಳು ಅಡಿ ಅಂತರದಲ್ಲಿ ಎರಡು ಗೇಟುಗಳಿರಬೇಕು. ಹೊರಗಿನದನ್ನು ಮುಚ್ಚಿ, ನಡುವಿನ ಜಾಗದಲ್ಲಿ ಹಗ್ಗ ಬಿಚ್ಚಿ, ಒಳಗಿನ ನಾಯಿಗಳನ್ನು ಅವುಗಳ ಯಜಮಾನರು ಕರೆದುಕೊಂಡ ಮೇಲೆ ಒಳಗಿನ ಗೇಟು ತೆರೆಯಬೇಕು. ಕುತ್ತಿಗೆ ಬಿಗಿಯುವ ಸರಪಳಿ ಇದ್ದರೆ ಅದನ್ನೂ ಅಲ್ಲೇ ತೆಗೆಯುವುದು ಲೇಸು. ಆಟದಲ್ಲಿ ಮತ್ತೊಂದರ ಹಲ್ಲೋ ಕಾಲೋ ಅದಕ್ಕೆ ಸಿಕ್ಕಿಕೊಂಡರೆ ಎರಡೂ ಗಾಬರಿಬೀಳುತ್ತವೆ.

ಚಿಕ್ಕ ನಾಯಿಗಳಿಗೆ ಬೇರೆ ಆವರಣ ಬೇಕೆಂದಾಗ ಅದನ್ನು ಶ್ರೀಮಂತರ ನಾಜೂಕು ಎಂದು ನಗುವವರಿದ್ದಾರೆ. ಮುಧೋಳ ನಾಯಿಯನ್ನು ಸಾಕಿದ ನಾನು ಹೇಳುವುದಾದರೆ, ಇದು ಕಣ್ಣಿನಿಂದ ಬೇಟೆ ಗುರುತಿಸಿ ಬೆನ್ನಟ್ಟುವ ತಳಿ. ಮನೆಯಲ್ಲಿ ಎಷ್ಟೇ ಸಾಧುವಾಗಿದ್ದರೂ, ಸಣ್ಣ ನಾಯಿಯೊಂದು ಹೆದರಿ ಕಿರುಚುತ್ತ ಓಡತೊಡಗಿದರೆ ಅದು ಮೊಲದಂತೆ ಕಂಡುಬಿಡುವ ಸಾಧ್ಯತೆ ಇದೆ. ಅದು ಕೇಡಿಗತನವಲ್ಲ, ಹುಟ್ಟುಗುಣ. ಮೂವತ್ತು ಕಿಲೋ ತೂಗುವ ನಾಯಿ ಆಟಕ್ಕೆಂದು ಇಟ್ಟ ಒಂದೇ ಒಂದು ಹೆಜ್ಜೆ ಐದು ಕಿಲೋ ನಾಯಿಯ ಬೆನ್ನು ಮುರಿಯಬಲ್ಲದು ಎಂಬುದನ್ನೂ ಮರೆಯಬಾರದು.

ಇನ್ನು ಲಸಿಕೆಯ ಮಾತು. ನಾಯಿಮರಿಗಳಿಗೆ ಮಾರಕ ವಾಂತಿ-ಭೇದಿ ತರುವ ಪಾರ್ವೋ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ಕಾಯಿಲೆಯ ನಾಯಿ ಎಂದೋ ಬಂದು ಹೋಗಿದ್ದರೂ ಇಂದು ಬಂದ ಮರಿಗೆ ಅದು ತಗಲಬಹುದು. ಆದ್ದರಿಂದ ಸುಮಾರು ನಾಲ್ಕು ತಿಂಗಳಾಗಿ ಲಸಿಕೆಯ ಸುತ್ತುಗಳೆಲ್ಲ ಮುಗಿಯುವವರೆಗೆ ಮರಿಯನ್ನು ಇಂಥ ಕಡೆ ನೆಲಕ್ಕೆ ಬಿಡಬಾರದು. ಮಳೆಗಾಲದಲ್ಲಿ ಮೂಲೆಗಳಲ್ಲಿ ನಿಲ್ಲುವ ನೀರಿಗೆ ಇಲಿಗಳ ಮೂತ್ರ ಸೇರಿದರೆ ಅದರಿಂದ ಹರಡುವ ಇಲಿಜ್ವರ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ಹುಲ್ಲಿನಿಂದ ಮೈಗೆ ಹತ್ತಿ ರಕ್ತ ಹೀರುವ ಉಣ್ಣಿಗಳು ತರುವ ಜ್ವರ ನಾಯಿ ಸಾಕಿದವರಿಗೆ ಗೊತ್ತಿರುವುದೇ. ರೇಬಿಸ್ ಲಸಿಕೆಯ ಪುಸ್ತಕವನ್ನು ಬಾಗಿಲಲ್ಲೇ ನೋಡುವ ಏರ್ಪಾಡಾದರೆ ಬಹಳಷ್ಟು ಜಗಳಗಳು ತಪ್ಪುತ್ತವೆ.

ನಾಯಿಗಳು ಕಚ್ಚಾಡಿಕೊಂಡಾಗ ಕೊರಳ ಪಟ್ಟಿಗೆ ಕೈ ಹಾಕುವುದು ಎಲ್ಲರ ಮೊದಲ ಪ್ರವೃತ್ತಿ. ಕಡಿತ ಕೈಗೆ ಬೀಳುವುದು ಆಗಲೇ. ಹತ್ತಿರದಲ್ಲಿ ಒಂದು ಬಕೆಟ್ ನೀರಿದ್ದರೆ ಅದನ್ನು ಎರಚುವುದು, ಅದೂ ಸಾಲದಿದ್ದರೆ ಎರಡು ಕಡೆಯವರೂ ಒಮ್ಮೆಗೇ ತಮ್ಮ ನಾಯಿಗಳ ಹಿಂಗಾಲು ಹಿಡಿದು ಹಿಂದಕ್ಕೆಳೆಯುವುದು ಮೇಲು. ಹಲ್ಲು ತಾಗಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಇದನ್ನೆಲ್ಲ ಬರೆದ ಒಂದು ಫಲಕ, ಒಂದು ನಲ್ಲಿ ಮತ್ತು ನೆರಳು ಪ್ರತಿ ಆವರಣದಲ್ಲೂ ಇರಲಿ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗಳು ಏಪ್ರಿಲ್ ಬಿಸಿಲಿನಲ್ಲಿ ಏದುಸಿರು ಬಿಡುತ್ತಿದ್ದರೂ ಅವುಗಳ ಯಜಮಾನರು ಮೊಬೈಲಿನಿಂದ ತಲೆ ಎತ್ತದಿರುವುದನ್ನು ಕಂಡಿದ್ದೇನೆ. ಅದಕ್ಕೆ ಮಾತ್ರ ಯಾವ ಇಲಾಖೆಯೂ ಮದ್ದು ಕೊಡಲಾರದು.

2022ರಲ್ಲಿ ಕಬ್ಬನ್ ಉದ್ಯಾನಕ್ಕೆ ಸಾಕುನಾಯಿಗಳ ಪ್ರವೇಶವನ್ನೇ ನಿಷೇಧಿಸುವ ಆಲೋಚನೆ ತೋಟಗಾರಿಕೆ ಇಲಾಖೆಯಿಂದ ಬಂದಿದ್ದನ್ನೂ, ವಿರೋಧದ ನಂತರ ಅದು ಜಾರಿಯಾಗದೆ ಉಳಿದಿದ್ದನ್ನೂ ಓದುಗರು ಬಲ್ಲರು. ಇಂಥ ಜಾಗಗಳಲ್ಲಿ ಅನಾಹುತಗಳು ನಡೆಯುತ್ತ ಹೋದರೆ ಆ ಬೇಡಿಕೆ ಮತ್ತೆ ಏಳುತ್ತದೆ, ಆಗ ನಮ್ಮ ವಾದಕ್ಕೆ ಬಲವಿರುವುದಿಲ್ಲ. ತೋಟಗಾರಿಕೆ ಇಲಾಖೆಯೂ ಪಾಲಿಕೆಗಳೂ ಈಗಿರುವ ಆವರಣಗಳಿಗೆ ಎರಡನೆಯ ಗೇಟು ಕೂಡಿಸಬೇಕು, ಹೊಸದನ್ನು ಕಟ್ಟುವಾಗ ನಕ್ಷೆಯಲ್ಲೇ ಅದನ್ನು ಸೇರಿಸಬೇಕು ಎಂದು ವಿನಂತಿಸುತ್ತೇನೆ. ಅದು ಬರುವವರೆಗೆ ನಾವು ಕೆಲವರು ಪಾಳಿ ಹಾಕಿಕೊಂಡಿದ್ದೇವೆ: ಸಂಜೆ ಐದೂವರೆಯಿಂದ ಏಳರವರೆಗೆ ಒಬ್ಬರು ಗೇಟಿನ ಬಳಿಯೇ ನಿಂತಿರುತ್ತೇವೆ.

ಇತಿ,
ತಮ್ಮ ಓದುಗ,
ಬೆಂಗಳೂರು