ನಾಮಿನಿ ಹೆಸರು ಪರಿಶೀಲಿಸಿ

ಎಲ್ಲರಿಗೂ ನಮಸ್ಕಾರ.

ವಾಷಿಂಗ್ಟನ್ ರಾಜ್ಯದಲ್ಲಿ ಖಾಸಗಿ ಕಂಪನಿಗಳಲ್ಲಿ ದುಡಿಯುವ ಸದಸ್ಯರು ಈ ತಿಂಗಳೊಳಗೆ ತಮ್ಮ 401(ಕೆ) ಎಂಬ ನಿವೃತ್ತಿ ಉಳಿತಾಯ ಖಾತೆ ಮತ್ತು ಕಂಪನಿ ಕೊಡುವ ಜೀವವಿಮೆಯಲ್ಲಿ ಯಾರ ಹೆಸರಿದೆ ಎಂದು ನೋಡಿಕೊಳ್ಳಬೇಕಾಗಿ ವಿನಂತಿ. ಮರುಮದುವೆಯಾದವರು, ವಿಚ್ಛೇದಿತರು ಮೊದಲು ನೋಡಿ.

ವಿಚ್ಛೇದನವಾದರೆ ಹಳೆಯ ಸಂಗಾತಿಯ ಹೆಸರು ತಾನಾಗಿಯೇ ರದ್ದಾಗುತ್ತದೆ ಎನ್ನುತ್ತದೆ ನಮ್ಮ ರಾಜ್ಯದ ಕಾನೂನು. ಅದನ್ನು ನಂಬಿ ಕೂರಬೇಡಿ. ಈ ಯೋಜನೆಗಳ ಮಟ್ಟಿಗೆ 1974ರ ಫೆಡರಲ್ ಕಾಯ್ದೆ ‘ಎರಿಸಾ’ದ್ದೇ ಮೇಲುಗೈ. ಬೋಯಿಂಗ್ ನೌಕರ ಡೇವಿಡ್ ಎಗೆಲ್‌ಹಾಫ್ 1994ರಲ್ಲಿ ವಿಚ್ಛೇದನವಾದ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಫಾರಂನಲ್ಲಿ ಮಾಜಿ ಪತ್ನಿಯ ಹೆಸರೇ ಉಳಿದಿತ್ತು. 46,000 ಡಾಲರ್ ವಿಮೆ ಹಣ ಆಕೆಗೆ ಹೋಯಿತು. ಡೇವಿಡ್ ಅವರ ಅದಕ್ಕೂ ಹಿಂದಿನ ಮದುವೆಯ ಮಕ್ಕಳು ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಗೆದ್ದರೂ, 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಕಟುವೆನಿಸಬಹುದು, ಆದರೆ ಹಣ ಕೊಡುವವರು ನೋಡುವುದು ಫಾರಂನಲ್ಲಿರುವ ಹೆಸರನ್ನೇ.

ಕಂಪನಿಯ ಸೌಲಭ್ಯಗಳ ಪುಟಕ್ಕೆ ಹೋಗಿ, ಎರಡೂ ಕಡೆ ಹೆಸರು ನೋಡಿ, ಬದಲಿಸಿದರೆ ದೃಢೀಕರಣದ ಪ್ರತಿ ಉಳಿಸಿಕೊಳ್ಳಿ. ಮದುವೆಗೆ ಮುಂಚೆ ಅಪ್ಪ, ಅಮ್ಮನ ಹೆಸರು ಬರೆದವರು ನಮ್ಮಲ್ಲಿ ಬಹಳ. 401(ಕೆ)ಯಲ್ಲಿ ಸಾಮಾನ್ಯವಾಗಿ ಸಂಗಾತಿಗೇ ಹಕ್ಕು. ಬೇರೆಯವರಿಗೆ ಕೊಡಲು ಸಂಗಾತಿಯ ಲಿಖಿತ ಒಪ್ಪಿಗೆ ಬೇಕು. ವಿಮೆಗೆ ಆ ರಕ್ಷಣೆ ಇಲ್ಲ.

ಸರ್ಕಾರಿ ನೌಕರರ ಯೋಜನೆಗಳಿಗೆ ಎರಿಸಾ ಅನ್ವಯಿಸುವುದಿಲ್ಲ. ಅವರು ತಮ್ಮ ಕಚೇರಿಯಲ್ಲೇ ವಿಚಾರಿಸಲಿ.

ನೋಡಿ ಮುಗಿಸಿದವರು ‘ಆಯಿತು’ ಎಂದಷ್ಟೇ ಬರೆಯಿರಿ. ಹೆಸರು, ಮೊತ್ತ ಗುಂಪಿನಲ್ಲಿ ಹಾಕಬೇಡಿ. ನಿಮ್ಮಲ್ಲಿ ಈ ವಿಷಯ ಬಲ್ಲ ವಕೀಲರಿದ್ದರೆ ದಯವಿಟ್ಟು ನನಗೆ ಪ್ರತ್ಯೇಕವಾಗಿ ತಿಳಿಸಿ.